ಬಾಲದೊಳಗಿನ ಗುಲಾಬಿ ತೇಪೆ

ವಿಮಾನ ಬಿದ್ದದ್ದು ಭಾನುವಾರ ಬೆಳಿಗ್ಗೆ, ಒಂಬತ್ತು ಜನರ ಕಣ್ಣೆದುರು.

ಅದು ಎಂಜಿನ್ನಿಲ್ಲದ ವಿಮಾನ. ನೋಡಲು ಪಕ್ಕಾ ಯುದ್ಧದ ಜೆಟ್ಟು. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳು, ಪೈಲಟ್ ಕೂರುವ ಜಾಗಕ್ಕೆ ಕಪ್ಪು ಮುಚ್ಚಳ. ಆದರೆ ಹೊಟ್ಟೆಯೊಳಗೆ ಒಂದು ಬ್ಯಾಟರಿ, ಒಂದು ರಿಸೀವರ್, ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೂರು ಮೋಟರು, ಅಷ್ಟೇ. ಕಣಿವೆಯಿಂದ ಬೀಸುವ ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೆ ಏಳುತ್ತದಲ್ಲ, ಆ ಏರುಗಾಳಿಯ ಮೇಲೆ ಅದು ಜಾರುತ್ತದೆ. ಅಂಚಿನಲ್ಲಿ ನಿಂತು ಕೈಯಿಂದ ಎಸೆದರೆ ಸಾಕು. ಗಾಳಿ ಇರುವಷ್ಟು ಹೊತ್ತು ರಿಮೋಟಿನ ಎರಡು ಕಡ್ಡಿ ಹಿಡಿದು ಆಡಿಸುತ್ತ ಇರಬಹುದು.

ಅದನ್ನು ಮಾಡಿದವನು ಲಿಫ್ಟ್ ಮೆಕ್ಯಾನಿಕ್. ಹನ್ನೊಂದು ತಿಂಗಳು ಹಿಂದಿನ ಕೋಣೆಯಲ್ಲಿ ಕೂತು ಫೋಮು ಕತ್ತರಿಸಿ, ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಬಳಿದು, ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ ಮಾಡಿದ್ದ. ಒಂದು ವರ್ಷದಿಂದ ಹಾರಿಸುತ್ತಿದ್ದ. ಒಮ್ಮೆಯೂ ಅದು ತುಂಟತನ ಮಾಡಿದ್ದಿಲ್ಲ.

ಆ ಭಾನುವಾರ ಕೈಬಿಟ್ಟ ಕೂಡಲೇ ಮೂಗೆತ್ತಿತು. ಅವನು ಕಡ್ಡಿಯನ್ನು ಮುಂದಕ್ಕೆ ಒತ್ತಿದ. ಮೂಗು ಅತಿಯಾಗಿ ಇಳಿಯಿತು. ಹಿಂದಕ್ಕೆ ಎಳೆದ. ನೆಟ್ಟಗೆ ಆಕಾಶಕ್ಕೆ ಏರಿ, ಒಂದು ಕ್ಷಣ ಅಲ್ಲೇ ನಿಂತು, ಬೆನ್ನಡಿಯಾಗಿ ಬಂಡೆಯ ಮೇಲೆ ಬಿತ್ತು. ಮೂಗು ಪುಡಿಯಾಯಿತು. ಬಲಗಡೆಯ ರೆಕ್ಕೆ ಬುಡದಲ್ಲಿ ಸೀಳಿತು.

ಮೊದಲು ಬಾಯಿ ಬಿಟ್ಟವನು ದಂತಕಥೆ.

"ಸಿಗ್ನಲ್ ಹೋಗಿರಬೇಕು," ಎಂದ.

"ಹೂಂ, ಹೋಗಿರಬೇಕು," ಎಂದ ಮೆಕ್ಯಾನಿಕ್. ಹೋಗಿಲ್ಲವೆಂದು ಅವನಿಗೆ ಗೊತ್ತಿತ್ತು. ವಿಮಾನ ಅವನು ಹೇಳಿದ್ದನ್ನೆಲ್ಲ ಕೇಳಿತ್ತು. ಕೇಳಬೇಕಾದ್ದಕ್ಕಿಂತ ಹೆಚ್ಚಾಗಿ ಕೇಳಿತ್ತು.

ದಂತಕಥೆ ಕೃತಕ ಹಲ್ಲುಗಳನ್ನು ಮಾಡುವವನು. ಡಾಕ್ಟರಲ್ಲ, ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ತಯಾರಿಸುವವನು. ಮಾತು ಜಾಸ್ತಿ, ಅದರಲ್ಲಿ ಅರ್ಧ ಬರೀ ಬಣ್ಣ. ಹಾಗಾಗಿ ಗುಡ್ಡದ ಗೆಳೆಯರು ಆ ಹೆಸರಿಟ್ಟಿದ್ದರು. ಅವನ ಬಳಿಯೂ ಒಂದು ಬೂದುಬಣ್ಣದ ಜೆಟ್ಟಿತ್ತು. ಅದು ಮೆಕ್ಯಾನಿಕ್‌ನ ಜೆಟ್ಟಿನಷ್ಟು ಚೆನ್ನಾಗಿ ಹಾರುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಎರಡು ಸಲ ಅವನು, "ಇದನ್ನ ಮನೇಲಿ ಎಲ್ಲಿಡ್ತೀರಿ? ಬೀಗ ಗೀಗ ಹಾಕ್ತೀರಾ?" ಎಂದು ಕೇಳಿದ್ದ. ಒಡೆದ ಚೂರುಗಳನ್ನು ಚೀಲಕ್ಕೆ ತುಂಬುತ್ತಿರುವಾಗ ಆ ಮಾತು ಮೆಕ್ಯಾನಿಕ್‌ನ ನೆನಪಿಗೆ ಬಂತು.

ಅನುಮಾನ ಅವನಿಗೆ ಕಸುಬಿನಿಂದ ಬಂದದ್ದು. ಇಪ್ಪತ್ತೆರಡು ವರ್ಷದಿಂದ ಲಿಫ್ಟು ರಿಪೇರಿ ಮಾಡುತ್ತಿದ್ದ. "ಸುಮ್ನೆ ನಿಂತೋಯ್ತು, ನಾವೇನೂ ಮಾಡಿಲ್ಲ" ಎಂದು ಜನ ಹೇಳದ ಲಿಫ್ಟನ್ನು ಅವನು ಇದುವರೆಗೆ ಕಂಡಿರಲಿಲ್ಲ. ನೋಡಿದರೆ ಬಾಗಿಲಿಗೆ ಯಾರೋ ಸೋಫಾ ಅಡ್ಡ ಇಟ್ಟಿರುತ್ತಿದ್ದರು. ಯಂತ್ರ ತಾನಾಗಿ ಕೆಡುವುದು ಕಡಿಮೆ, ಯಾರೋ ಕೈಯಾಡಿಸಿರುತ್ತಾರೆ ಎಂಬುದು ಅವನ ನಂಬಿಕೆ.

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಮನೆಯಲ್ಲೇ ಕೂತು ಊರವರ ಬಟ್ಟೆಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಚೀಲದೊಳಗೆ ಇಣುಕಿ, "ಅಯ್ಯೋ ಪಾಪ. ಹೋಗ್ಲಿ ಬಿಡ್ರಿ, ಸರಿ ಮಾಡಿದ್ರಾಯ್ತು," ಎಂದಳು. ಅಷ್ಟೇ. ಹನ್ನೊಂದು ತಿಂಗಳು ಮನೆಯೆಲ್ಲ ಎಪಾಕ್ಸಿ ವಾಸನೆ ಎಂದು ಮೂಗು ಮುರಿದಿದ್ದವಳ ಬಾಯಲ್ಲಿ ಇಷ್ಟು ಮೆತ್ತಗಿನ ಮಾತು ಅವನಿಗೆ ಹಿಡಿಸಲಿಲ್ಲ.

ಒಳಕೋಣೆಯಲ್ಲಿ ಅವಳ ಅಪ್ಪ ಇದ್ದರು. ಮೂವತ್ತು ವರ್ಷ ಎತ್ತರದ ಕಟ್ಟಡಗಳ ಕ್ರೇನ್ ಓಡಿಸಿದವರು. ಮಂಡಿ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದಿದ್ದರು. ಮಾತು ಎಷ್ಟು ಕಡಿಮೆ ಎಂದರೆ ಊಟ ಸಾಕು ಎನ್ನುವುದಕ್ಕೂ ಅಂಗೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಆವತ್ತು ಮಾತ್ರ ಕೋಲೂರಿಕೊಂಡು ಬಾಗಿಲವರೆಗೆ ಬಂದು ಒಡೆದ ಮೂಗನ್ನು ನೋಡಿದರು.

"ಪೂರ್ತಿ ಹೋಯ್ತಾ, ಅಳಿಯಂದಿರೇ?"

"ಇಲ್ಲ ಮಾವ. ಆಗುತ್ತೆ."

ಅವರು ತಲೆಯಾಡಿಸಿ ಒಳಗೆ ಹೋದರು. ಊಟಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮೆಕ್ಯಾನಿಕ್ ವಿಮಾನವನ್ನು ಬಿಚ್ಚಿದ. ಮೋಟರುಗಳು ಸರಿಯಿದ್ದವು. ತಂತಿಗಳು ಸರಿಯಿದ್ದವು. ಬಾಲದ ಕಡೆಗೆ ಹೋಗುವ ಸಣ್ಣ ಸರಳು ಸೊಟ್ಟಗಾಗಿದೆಯೇ ಎಂದು ನೋಡಲು ಹೊಟ್ಟೆಯೊಳಗೆ ಟಾರ್ಚು ಬಿಟ್ಟ. ಕೊನೆಯಲ್ಲಿ, ಬಾಲ ಕೂಡುವಲ್ಲಿ, ಗುಲಾಬಿ ಬಣ್ಣದ್ದೇನೋ ಹೊಳೆಯಿತು.

ಅವನ ಬಳಿ ಗುಲಾಬಿ ಬಣ್ಣದ ಯಾವ ಅಂಟೂ ಇರಲಿಲ್ಲ.

ಹೊರಮೈಯನ್ನು ಬೆರಳಲ್ಲಿ ಸವರಿದ. ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೀರು ಕೈಗೆ ಸಿಕ್ಕಿತು. ಬಾಲ ಯಾವಾಗಲೋ ಬಿರಿದಿತ್ತು. ಯಾರೋ ಒಳಗಿಂದ ತೇಪೆ ಹಾಕಿ, ಹೊರಗಿಂದ ಉಜ್ಜಿ, ಅದೇ ಬಣ್ಣ ಹಚ್ಚಿದ್ದರು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅವನಿಗೆ ಹೊಟ್ಟೆಕಿಚ್ಚಾಯಿತು. ತೇಪೆಯನ್ನು ಎಬ್ಬಿಸಿ ತಕ್ಕಡಿಯ ಮೇಲಿಟ್ಟ. ಹದಿನೆಂಟು ಗ್ರಾಂ. ಇಂಥ ವಿಮಾನದ ತೂಕವೆಲ್ಲ ರೆಕ್ಕೆಯ ಕೆಳಗಿನ ಒಂದು ಗೆರೆಯ ಮೇಲೆ ಸಮನಾಗಿ ನಿಲ್ಲಬೇಕು. ಬಾಲದ ತುದಿಯಲ್ಲಿ ಹದಿನೆಂಟು ಗ್ರಾಂ ಕೂತರೆ ಅದು ಕುಡಿದವರ ಹಾಗೆ ನಡೆಯುತ್ತದೆ. ಬಿದ್ದದ್ದು ಅದಕ್ಕೇ.

ಆ ಗುಲಾಬಿ ಎಲ್ಲೋ ನೋಡಿದ ಬಣ್ಣ. ಎಲ್ಲಿ ಎಂದು ಯೋಚಿಸುತ್ತ ಕೈತೊಳೆಯಲು ಹೋದ. ಬಚ್ಚಲಿನ ಕಟ್ಟೆಯ ಮೇಲೆ ನೀರು ತುಂಬಿದ ಲೋಟದಲ್ಲಿ ಮಾವನ ಹಲ್ಲಿನ ಸೆಟ್ಟು ಅವನನ್ನು ನೋಡಿ ನಗುತ್ತಿತ್ತು. ಒಸಡಿನ ಬಣ್ಣ, ಅದೇ ಬಣ್ಣ. ಆ ಸೆಟ್ಟು ಮಾಡಿದವನು ದಂತಕಥೆ.

ಆ ಸಂಜೆಯೇ ತೇಪೆಯನ್ನು ಜೇಬಿಗೆ ಹಾಕಿಕೊಂಡು ದಂತಕಥೆಯ ಲ್ಯಾಬಿಗೆ ಹೋದ. ಚಿಕ್ಕ ಕೋಣೆ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ದಂತಕಥೆ ಒಂದು ಸೆಟ್ಟನ್ನು ಉಜ್ಜುತ್ತಿದ್ದ. ಮೆಕ್ಯಾನಿಕ್ ಮಾತಿಲ್ಲದೆ ತುಂಡನ್ನು ಮೇಜಿನ ಮೇಲಿಟ್ಟ.

"ಇದೇನು?" ಎಂದ ದಂತಕಥೆ. ಆದರೆ ಉಜ್ಜುವ ಯಂತ್ರವನ್ನು ಮೊದಲು ಆರಿಸಿದ, ಆಮೇಲೆ ಕೇಳಿದ.

"ನೀವೇ ಹೇಳಿ."

"ಅಕ್ರಿಲಿಕ್ ಥರ ಇದೆ."

"ಹಲ್ಲಿನ ಅಕ್ರಿಲಿಕ್."

"ಈ ಊರಲ್ಲಿ ಹಲ್ಲು ಮಾಡೋರು ನಾನೊಬ್ಬನೇನಾ? ಅಂಗಡೀಲೂ ಡಬ್ಬದಲ್ಲಿ ಸಿಗುತ್ತೆ. ಎಲ್ಲಿ ಸಿಕ್ತು ಇದು?"

"ಬಿದ್ದಿತ್ತು."

ಇಬ್ಬರೂ ಆ ತುಂಡನ್ನು ನೋಡುತ್ತ ನಿಂತರು. ಯಾವಾಗಲೂ ಒಂದು ಕೇಳಿದರೆ ಹತ್ತು ಹೇಳುವ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದ. ಮೆಕ್ಯಾನಿಕ್ ತುಂಡನ್ನು ಎತ್ತಿಕೊಂಡು ಹೊರಟ. ಬಾಗಿಲಲ್ಲಿ ದಂತಕಥೆ ಕೇಳಿದ, "ಮಾವ ಹೇಗಿದ್ದಾರೆ? ಗುರುವಾರ ಬರೋಕೆ ಹೇಳಿ. ಕೆಳಗಿನ ಸೆಟ್ಟು ಇನ್ನೂ ಸ್ವಲ್ಪ ಉಜ್ಜಬೇಕು."

ಎರಡು ತಿಂಗಳಿಂದ ದಂತಕಥೆ ಪ್ರತಿ ಗುರುವಾರ ಮಾವನನ್ನು ಕರೆದೊಯ್ದು ಹಲ್ಲು ಉಜ್ಜುತ್ತಿದ್ದ. ಲೆಕ್ಕಕ್ಕೆ ನೋಡಿದರೆ ಈಗ ಬಾಯಲ್ಲಿ ಹಲ್ಲೇ ಉಳಿದಿರಬಾರದಿತ್ತು.

ಮುಂದಿನ ಮೂರು ವಾರ ಅವನು ವಿಮಾನ ಕಟ್ಟಿದ, ಜೊತೆಗೆ ಅನುಮಾನವನ್ನೂ. ಹೊಸ ಮೂಗಿಗೆ ಫೋಮು ಕೆತ್ತಿದ. ಸೀಳಿದ ರೆಕ್ಕೆಯ ಬುಡಕ್ಕೆ ಕಾರ್ಬನ್ ಪಟ್ಟಿ ಕೂರಿಸಿ ಗಾಜಿನ ಬಟ್ಟೆ ಸುತ್ತಿದ. ಬಾಲಕ್ಕೆ ಹಗುರವಾದ ತೇಪೆ ಹಾಕಿದ. ಎಪಾಕ್ಸಿ ಗಟ್ಟಿಯಾಗಲು ಕಾಯುವಾಗ ದಂತಕಥೆ ಹೇಗೆ ಮನೆಯೊಳಗೆ ಬಂದಿರಬಹುದೆಂದು ಜೋಡಿಸುತ್ತಿದ್ದ. ಮಾವನನ್ನು ಕರೆದೊಯ್ಯುವ ನೆಪದಲ್ಲಿ ಬರುತ್ತಾನೆ. ಕಣ್ಣು ಹಿಂದಿನ ಕೋಣೆಯ ಮೇಲೆ. ಯಾರೂ ನೋಡದಿದ್ದಾಗ ಕೈ ಹಾಕಿ, ಬಾಲ ಮುರಿದು, ನಾಜೂಕಾಗಿ ಭಾರದ ತೇಪೆ ಹಾಕಿ ಇಟ್ಟುಹೋಗುತ್ತಾನೆ. ಭಾನುವಾರ ಎಲ್ಲರೆದುರು ಬೀಳಲಿ ಎಂದು. ಎಲ್ಲ ಹೊಂದುತ್ತಿತ್ತು, ಒಂದನ್ನು ಬಿಟ್ಟು. ಹೆಂಡತಿ ಇಡೀ ದಿನ ಮನೆಯಲ್ಲೇ ಇರುತ್ತಾಳೆ. ಅವಳ ಕಣ್ಣು ತಪ್ಪಿಸಿ ಆ ಕೋಣೆಗೆ ನೊಣವೂ ಹೋಗಲಾರದು.

ಇಲ್ಲಿ ಅವನ ಯೋಚನೆ ಹೋಗಬಾರದ ಕಡೆಗೆ ಹೊರಳಿತು. ಅವನು ಅದನ್ನು ಬೈದು ಓಡಿಸಿದ. ಅದು ಬಾಗಿಲ ಹೊರಗೆ ಹೋಗಿ ಕೂತಿತು, ಎದ್ದು ಹೋಗಲಿಲ್ಲ.

ದುರಸ್ತಿ ಮುಗಿದ ಭಾನುವಾರ ಜೆಟ್ಟು ಮೊದಲಿನ ಹಾಗೆ ಹಾರಿತು. ಎಲ್ಲರೂ ಕೈ ಕುಲುಕಿದರು. ದಂತಕಥೆ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟಂತೆ ಕಂಡ. ಅದೂ ಅನುಮಾನಕ್ಕೇ ಜಮೆಯಾಯಿತು. ಮನೆಗೆ ಬಂದು ಮೆಕ್ಯಾನಿಕ್ ಕಪ್ಪು ಮುಚ್ಚಳದ ಸಂದಿಗೆ, ಅಡ್ಡಲಾಗಿ, ಪಾರದರ್ಶಕ ಟೇಪಿನ ಸಣ್ಣ ಚೂರೊಂದನ್ನು ಅಂಟಿಸಿದ. ಮುಚ್ಚಳ ತೆರೆಯದೆ ಬ್ಯಾಟರಿ ಜೋಡಿಸಲಾಗದು. ಆ ವಿಮಾನ ಇದುವರೆಗೆ ಒಟ್ಟು ಎಷ್ಟು ಹೊತ್ತು ಹಾರಿದೆ ಎಂಬುದನ್ನು ರಿಮೋಟು ತೋರಿಸುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಕೈಚೀಲದಲ್ಲಿಟ್ಟುಕೊಂಡ.

ಗುರುವಾರ ಅವನಿಗೆ ಹತ್ತು ಅಂತಸ್ತಿನ ಕಟ್ಟಡವೊಂದರಲ್ಲಿ ಕೆಲಸ. ಲಿಫ್ಟಿನ ಯಂತ್ರದ ಕೋಣೆ ತಾರಸಿಯ ಮೇಲೆ. ಬ್ರೇಕಿನ ಧೂಳು ಒರೆಸಿ ಗಾಳಿಗೆಂದು ಹೊರಗೆ ಬಂದಾಗ ದೂರದಲ್ಲಿ ತನ್ನ ಬೀದಿ ಕಂಡಿತು. ಮನೆಯ ಮುಂದೆ ಬಿಳಿ ವ್ಯಾನು. ಅದರ ಬದಿಗೆ ಮನುಷ್ಯನಷ್ಟು ದೊಡ್ಡ ದವಡೆ ಹಲ್ಲಿನ ಚಿತ್ರ. ಗುರುತು ಹಿಡಿಯಲು ಕನ್ನಡಕ ಬೇಕಿರಲಿಲ್ಲ.

ಸಂಜೆ ಮನೆಗೆ ಬಂದು ನೇರ ಹಿಂದಿನ ಕೋಣೆಗೆ ಹೋದ. ಟೇಪು ಇತ್ತು. ಆದರೆ ಸೊಟ್ಟಗಿತ್ತು. ರಿಮೋಟು ಮೂವತ್ತೊಂದು ನಿಮಿಷ ಜಾಸ್ತಿ ತೋರಿಸುತ್ತಿತ್ತು.

ಹಾಳು ಮಾಡುವುದಲ್ಲ, ಹಾರಿಸುತ್ತಿದ್ದಾನೆ. ಅವನ ವಿಮಾನ, ಇನ್ನೊಬ್ಬನ ಕೈ. ಮೈ ಉರಿಯಿತು.

"ಇವತ್ತು ಯಾರಾದ್ರೂ ಬಂದಿದ್ರಾ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಪಕ್ಕದ ಮನೆಯವರು ಬಂದಿದ್ರು, ಕೋಟಿಗೆ ಗುಂಡಿ ಹಾಕಿಸ್ಕೊಳ್ಳೋಕೆ."

"ಬೇರೆ?"

"ಅಪ್ಪನ್ನ ಕರ್ಕೊಂಡು ಹೋಗೋಕೆ ನಿಮ್ಮ ಹಲ್ಲಿನವರು ಬಂದಿದ್ರು. ಯಾಕೆ?"

"ಒಳಗೆ ಬಂದಿದ್ರಾ?"

ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಇನ್ನೊಮ್ಮೆ ತುದಿ ಒದ್ದೆ ಮಾಡಿಕೊಂಡಳು. "ಬಂದೋರನ್ನ ಬೀದೀಲಿ ನಿಲ್ಸೋಕಾಗುತ್ತಾ?"

ಊಟದ ಹೊತ್ತಿಗೆ ಮಾವನ ಮುಖ ನೋಡಿದ. ಮೂಗು, ಕೆನ್ನೆ ಕೆಂಪಗಿತ್ತು.

"ಹಲ್ಲು ಹೇಗಿದೆ ಮಾವ?"

"ಇನ್ನೂ ಸ್ವಲ್ಪ ಉಜ್ಜಬೇಕಂತೆ," ಎಂದರು ಮಾವ. ಹುರಿದ ಕಡಲೆಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು.

ಮುಂದಿನ ಗುರುವಾರ ಮೆಕ್ಯಾನಿಕ್ ರಜೆ ಹಾಕಿದ. ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಕೈಚೀಲ ಹಿಡಿದು ಹೊರಟು, ಬಸ್ಸು ಹತ್ತಿ, ಗುಡ್ಡವನ್ನು ಹಿಂಬದಿಯ ಕಾಲುದಾರಿಯಿಂದ ಏರಿದ. ಮೇಲೆ ಪಾಳುಬಿದ್ದ ಕಾವಲುಗಾರನ ಗೂಡೊಂದಿತ್ತು. ಅದರ ಗೋಡೆಯ ಹಿಂದೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಎದುರುಗಾಳಿ ಚೆನ್ನಾಗಿ ಬೀಸುತ್ತಿತ್ತು. ಕಳ್ಳನಿಗೆ ಬೇಕಾದಂಥದೇ ಗಾಳಿ ಎಂದುಕೊಂಡ.

ಹನ್ನೊಂದರ ಸುಮಾರಿಗೆ ವ್ಯಾನು ಬಂತು. ದಂತಕಥೆ ಇಳಿದು ಹಿಂದಿನ ಬಾಗಿಲು ತೆರೆದ. ಹೆಂಡತಿ ಹೊಲಿದುಕೊಟ್ಟ ನೀಲಿ ಚೀಲದೊಳಗಿಂದ ಜೆಟ್ಟಿನ ರೆಕ್ಕೆಗಳು ಹೊರಬಂದವು. ಮೆಕ್ಯಾನಿಕ್ ಫೋನು ತೆಗೆದು ವೀಡಿಯೋ ಶುರುಮಾಡಿದ. ಸಾಕ್ಷಿ ಇರಲಿ.

ದಂತಕಥೆ ಒಂದು ಮಡಚುವ ಕುರ್ಚಿಯನ್ನು ತಂದು ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಹಾಕಿದ. ಆಮೇಲೆ ವ್ಯಾನಿನ ಮುಂದಿನ ಬಾಗಿಲು ತೆರೆದು ಕೈ ಚಾಚಿದ. ಮೊದಲು ಕೋಲು ಇಳಿಯಿತು. ಅದರ ಹಿಂದೆ ಮಾವ.

ಫೋನಿನ ಪರದೆಯಲ್ಲಿ ಮಾವ ಪುಟ್ಟದಾಗಿ, ನಿಧಾನವಾಗಿ ನಡೆದು ಬಂದು ಕುರ್ಚಿಯ ಮೇಲೆ ಕೂತರು. ದಂತಕಥೆ ರಿಮೋಟನ್ನು ಅವರ ತೊಡೆಯ ಮೇಲಿಟ್ಟ. ಮಾವ ಒಂದೊಂದೇ ಕಡ್ಡಿಯನ್ನು ಆಡಿಸಿ, ರೆಕ್ಕೆಯ ಪಟ್ಟಿಗಳು ಏಳುವುದನ್ನು, ಇಳಿಯುವುದನ್ನು ನೋಡಿ, ತಲೆಯಾಡಿಸಿದರು. ದಂತಕಥೆ ಓಡಿ ಎಸೆದ.

ಮೆಕ್ಯಾನಿಕ್ ಫೋನನ್ನು ಕೆಳಗಿಳಿಸಿದ.

ಜೆಟ್ಟು ಹೀಗೆ ಹಾರುವುದನ್ನು ಅವನು ನೋಡಿರಲಿಲ್ಲ. ಅವನು ಹಾರಿಸುವಾಗ ಅದು ಸದ್ದು ಮಾಡಿಕೊಂಡು ಧಾವಿಸುತ್ತಿತ್ತು. ಗಕ್ಕನೆ ತಿರುಗುತ್ತಿತ್ತು. ನೋಡುವವರು ಅದಕ್ಕೇ ಸೈ ಎನ್ನುತ್ತಿದ್ದರು. ಈಗ ಅದು ಗುಡ್ಡದ ಅಂಚಿಗೆ ಅಂಟಿಕೊಂಡಂತೆ ಉದ್ದಕ್ಕೂ ಹೋಗಿ, ಅವಸರವಿಲ್ಲದೆ ವಾಲಿ, ಅದೇ ಎತ್ತರದಲ್ಲಿ ಹಿಂದಿರುಗುತ್ತಿತ್ತು. ಒಂದು ಸುತ್ತು ತಲೆಕೆಳಗಾಗಿ, ಬೆನ್ನಡಿಯಾಗಿಯೂ ಹೋಯಿತು. ಮಾವನ ಬೆರಳುಗಳು ಕದಲಿದ್ದೇ ಕಾಣುತ್ತಿರಲಿಲ್ಲ.

ಹೋದ ವರ್ಷದ ಒಂದು ಭಾನುವಾರ ಅವನಿಗೆ ನೆನಪಾಯಿತು. ಮಾವನನ್ನು ಒಮ್ಮೆ ಇಲ್ಲಿಗೆ ಕರೆತಂದಿದ್ದ. ಅವರು ರಿಮೋಟಿನತ್ತ ಕೈ ಚಾಚಿದ್ದರು, ಸುಮ್ಮನೆ ಮುಟ್ಟಿ ನೋಡಲು. "ಇದು ಕ್ರೇನ್ ಅಲ್ಲ ಮಾವ," ಎಂದು ಅವನು ಹೇಳಿದ್ದ. ಎಲ್ಲರೂ ನಕ್ಕಿದ್ದರು. ಮಾವ ಕೈಯನ್ನು ಜೇಬಿಗೆ ಹಾಕಿಕೊಂಡಿದ್ದರು. ಆಮೇಲೆ ಗುಡ್ಡಕ್ಕೆ ಬರುತ್ತೇನೆಂದು ಕೇಳಿರಲಿಲ್ಲ.

ಕೂತಲ್ಲಿಂದ ಎದ್ದು ಹೋಗಿ ಜಗಳ ಮಾಡಬೇಕೋ, ಬಂದ ದಾರಿಯಲ್ಲೇ ಇಳಿದುಬಿಡಬೇಕೋ ಎಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಗಾಳಿ ನಿಂತಿತು.

ಗುಡ್ಡದ ಗಾಳಿ ಕೆಲವೊಮ್ಮೆ ಹಾಗೇ, ಸ್ವಿಚ್ ಆರಿಸಿದಂತೆ. ಜೆಟ್ಟು ಮುಂದಿನ ಕಣಿವೆಯ ಮೇಲಿತ್ತು. ಇಳಿಯತೊಡಗಿತು. ಅಂಚಿನ ಮಟ್ಟಕ್ಕೆ ಬಂತು. ಅಂಚಿನ ಕೆಳಗೆ ಹೋಯಿತು. ಕುರ್ಚಿಯಲ್ಲಿದ್ದ ಮಾವನಿಗೆ ಇನ್ನು ಅದು ಕಾಣುವಂತಿರಲಿಲ್ಲ. ಅವರು ಏಳಲು ನೋಡಿದರು, ಮಂಡಿ ಬಿಡಲಿಲ್ಲ. ದಂತಕಥೆ ಅವರ ತೋಳು ಹಿಡಿದು ಎತ್ತಲು ಬಗ್ಗಿದ.

ಮೆಕ್ಯಾನಿಕ್ ಗೂಡಿನ ಹಿಂದಿನಿಂದ ಎದ್ದು ಓಡಿದ. ಅಂಚಿಗೆ ಹೋಗಿ ಕೆಳಗೆ ನೋಡಿದ.

"ಕಾಣ್ತಿದೆ ಮಾವ. ಎಡಕ್ಕೆ ತಗೊಳ್ಳಿ. ಇನ್ನೂ ಸ್ವಲ್ಪ. ಸಾಕು, ನೇರ."

ಕೆಳಗೆ ಜೆಟ್ಟು ಎಡಕ್ಕೆ ವಾಲಿ ನೇರವಾಯಿತು.

"ಮುಂದೆ ಬಂಡೆ ಇದೆ. ಬಲಕ್ಕೆ. ಪೊದೆ ಕಡೆ ಹೋಗ್ತಿದೆ, ಹಾಗೇ ಬಿಡಿ. ಮೂಗು ಇಳಿಸಿ... ಈಗ ಎತ್ತಿ. ಎತ್ತಿ. ಆಯ್ತು."

ಪೊದೆಗಳ ನಡುವೆ ಅದು ಹೊಟ್ಟೆಯ ಮೇಲೆ ಜಾರಿ ನಿಂತಿತು. ಅವನು ತಿರುಗಿ ನೋಡಲಿಲ್ಲ. ಇಳಿದು ಹೋಗಿ ಅದನ್ನು ಎತ್ತಿಕೊಂಡ. ಎಡರೆಕ್ಕೆಯ ತುದಿ ಸ್ವಲ್ಪ ಜಜ್ಜಿತ್ತು, ಬೇರೇನೂ ಆಗಿರಲಿಲ್ಲ. ಮೇಲೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಕೋಪ ಎಲ್ಲಿಟ್ಟಿದ್ದೆನೆಂದು ಹುಡುಕಿದ. ಇತ್ತು, ಆದರೆ ಅಷ್ಟು ಬಿಸಿಯಾಗಿರಲಿಲ್ಲ.

"ತಪ್ಪು ನಂದು," ಎಂದು ದಂತಕಥೆ ಶುರುಮಾಡಿದ. "ಅದು ಬೀಳೋ ಮುಂಚಿನ ಗುರುವಾರ ನಾವು ಇಳಿಸೋವಾಗ ಬಾಲ ಬಿರೀತು. ನಾನೇ ಲ್ಯಾಬಲ್ಲಿ ತೇಪೆ ಹಾಕ್ದೆ. ಗಟ್ಟಿಯಾಗ್ಲಿ ಅಂತ ದಪ್ಪ ಹಾಕ್ದೆ, ತೂಕದ ಕಡೆ ಗಮನ ಕೊಡ್ಲಿಲ್ಲ. ನೀವು ಆ ತುಂಡು ತಂದು ಮುಂದೆ ಇಟ್ಟಾಗ ಹೇಳ್ಬೇಕಿತ್ತು. ಹೇಳಲ್ಲ ಅಂತ ಇವರಿಗೆ ಮಾತು ಕೊಟ್ಟಿದ್ದೆ."

"ನಾನೂ ನೋಡಲಿಲ್ಲ," ಎಂದ ಮೆಕ್ಯಾನಿಕ್. "ಹಾರಿಸೋ ಮುಂಚೆ ಬೆರಳ ಮೇಲೆ ನಿಲ್ಲಿಸಿ ತೂಕ ನೋಡಬೇಕು. ಆ ಭಾನುವಾರ ನೋಡಲಿಲ್ಲ. ನೋಡಿದ್ರೆ ಬೀಳ್ತಿರಲಿಲ್ಲ." ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಮಾವ ರಿಮೋಟನ್ನು ಅವನತ್ತ ಚಾಚಿದರು. "ಇನ್ನು ಮುಟ್ಟಲ್ಲ, ಅಳಿಯಂದಿರೇ."

ಅವನು ತೆಗೆದುಕೊಳ್ಳಲಿಲ್ಲ. "ನಾನು ಟೇಪು ಅಂಟಿಸಿದ್ದೆ. ಹೋದ ವಾರ."

"ನೋಡ್ದೆ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಹಗ್ಗ, ಕೊಂಡಿ ನೋಡಿದವನು ನಾನು. ಕಾಣದೆ ಇರುತ್ತಾ?"

"ನೋಡಿಯೂ ತೆಗೆದ್ರಾ?"

"ತೆಗೆದು ಮತ್ತೆ ಅಂಟಿಸ್ದೆ. ನೆಟ್ಟಗೇ ಅಂಟಿಸಬಹುದಿತ್ತು." ಮಾವ ಕೋಲಿನ ತುದಿಯಿಂದ ಒಂದು ಕಲ್ಲನ್ನು ಸರಿಸಿದರು. "ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ. ಬಿದ್ದ ದಿನವೇ ಹೇಳ್ಬೇಕು ಅಂತ ಬಾಗಿಲವರೆಗೆ ಬಂದೆ. ನಿಮ್ಮ ಮುಖ ನೋಡಿ ವಾಪಸ್ ಹೋದೆ."

ಗಾಳಿ ಮತ್ತೆ ಮೆಲ್ಲಗೆ ಏಳತೊಡಗಿತ್ತು.

"ಬೆನ್ನಡಿ ಮಾಡಿ ಹಾರಿಸಿದ್ರಲ್ಲ," ಎಂದ ಮೆಕ್ಯಾನಿಕ್ ಕೊನೆಗೆ, "ಎತ್ತರ ಒಂದಿಷ್ಟೂ ಇಳೀಲಿಲ್ಲ. ಹೇಗೆ?"

ಮಾವ ಅವನ ಮುಖವನ್ನು ದಿಟ್ಟಿಸಿದರು. ಕೇಳುವುದರ ಹಿಂದೆ ಇನ್ನೇನಾದರೂ ಇದೆಯೋ ಎಂದು ಹುಡುಕುವ ನೋಟ. ಈಗ ಅನುಮಾನಪಡುವ ಸರದಿ ಅವರದಾಗಿತ್ತು. "ಕ್ರೇನಿನ ಕೊಕ್ಕೇಲಿ ಹೊರೆ ತೂಗಾಡುತ್ತಲ್ಲ," ಎಂದರು ತಡೆದು ತಡೆದು, "ಹೊಸಬರು ಅದನ್ನ ತಡೀತಾರೆ. ತಡೆದಷ್ಟೂ ಜಾಸ್ತಿ ಆಡುತ್ತೆ. ಅದು ಹೋದ ಕಡೆ ಕ್ರೇನನ್ನೂ ಸ್ವಲ್ಪ ಬಿಡಬೇಕು. ಇದಕ್ಕೂ ಹಂಗೇ ಮಾಡ್ದೆ. ನೀವು ಕಡ್ಡೀನ ಎಳೀತೀರಿ."

"ಎಳೀತೀನಾ?"

"ಜಗಳ ಆಡೋ ಹಾಗೆ ಎಳೀತೀರಿ."

ದಂತಕಥೆ ಗಟ್ಟಿಯಾಗಿ ನಕ್ಕ. ಮೆಕ್ಯಾನಿಕ್‌ಗೆ ನಗು ಬರಲಿಲ್ಲ. ಆದರೆ ರಿಮೋಟನ್ನು ಮಾವನ ಕೈಯಲ್ಲೇ ಬಿಟ್ಟ.

ಮನೆಯ ಬಾಗಿಲು ತೆರೆದ ಹೆಂಡತಿ ಮೂವರನ್ನೂ ಒಟ್ಟಿಗೆ ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಹೋಗಿ ಟೀಗೆ ನೀರಿಟ್ಟಳು. ಅವನು ಹಿಂದೆಯೇ ಅಡುಗೆಮನೆಗೆ ಹೋದ.

"ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಲಿಲ್ಲ, ವಿಚಾರಣೆ ಮಾಡಿದ್ರಿ." ಅವಳು ಲೋಟಗಳನ್ನು ಜೋಡಿಸುತ್ತ ಹೇಳಿದಳು. "ಆಪರೇಷನ್ ಆದ್ಮೇಲೆ ಅಪ್ಪ ಗೋಡೆ ನೋಡ್ಕೊಂಡೇ ಕೂತಿರ್ತಿದ್ರು. ಗುರುವಾರ ಬಂತು ಅಂದ್ರೆ ಬೆಳಿಗ್ಗೆ ಐದಕ್ಕೇ ಎದ್ದು ಶೇವ್ ಮಾಡ್ಕೋತಿದ್ರು. ಅದನ್ನ ಕೆಡಿಸೋಕೆ ನನಗೆ ಮನಸ್ಸು ಬರಲಿಲ್ಲ. ನಿಮ್ಮ ವಿಮಾನಕ್ಕಿಂತ ಅದು ನನಗೆ ದೊಡ್ಡದು."

ಅವನಿಗೆ ಆ ಬಾಗಿಲ ಹೊರಗೆ ಕೂತಿದ್ದ ಯೋಚನೆ ನೆನಪಾಗಿ ಮುಖ ಬಿಸಿಯಾಯಿತು. ಅದನ್ನು ಅವಳಿಗೆ ಎಂದೂ ಹೇಳಲಾರ. ಟೀ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದ.

ಎರಡನೇ ಜೆಟ್ಟು ಶುರುವಾದದ್ದು ಅದೇ ತಿಂಗಳು. ರೆಕ್ಕೆಗೆ ಫೋಮು ಕತ್ತರಿಸಲು ಕಾಯಿಸಿದ ತಂತಿಯೊಂದನ್ನು ಎರಡೂ ತುದಿಯಲ್ಲಿ ಹಿಡಿದು ಒಂದೇ ವೇಗದಲ್ಲಿ ಎಳೆಯಬೇಕು. ಒಬ್ಬರು ಮುಂದಾದರೆ ರೆಕ್ಕೆ ಅಲೆ ಅಲೆಯಾಗುತ್ತದೆ. ಒಂದು ತುದಿಗೆ ಅಳಿಯ ನಿಂತ, ಇನ್ನೊಂದು ತುದಿಗೆ ಮಾವ ಸ್ಟೂಲಿನ ಮೇಲೆ ಕೂತರು. ಮೊದಲ ರೆಕ್ಕೆ ಹಾಳಾಯಿತು.

"ನೀವು ಬೇಗ ಎಳೆದ್ರಿ," ಎಂದರು ಮಾವ.

"ನೀವು ನಿಧಾನ ಮಾಡಿದ್ರಿ," ಎಂದ ಅಳಿಯ.

ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ನಂಬದೆ ನೋಡುತ್ತ, ಅಂಕಿ ಎಣಿಸುತ್ತ ಎರಡನೆಯದನ್ನು ಕತ್ತರಿಸಿದರು. ಅದೂ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿ, ಪಕ್ಕಕ್ಕಿಟ್ಟು, ಇನ್ನೊಂದು ಫೋಮು ಕೊಡಿ ಎಂದು ಕೈ ಚಾಚಿದರು.